ಪಕ್ಕದ ಮನೆಯ ಮರ ನಮ್ಮ ಮನೆ ಮೇಲೆ ಬಿದ್ದರೆ: ಹೊಣೆ ಯಾರದು, ದುಡ್ಡು ಎಲ್ಲಿಂದ?

ಮರ ಅವರದ್ದು, ಮುರಿದಿದ್ದು ನಮ್ಮ ಚಾವಣಿ. ಹಾಗಾದರೆ ದುಡ್ಡು ಅವರೇ ಕೊಡಬೇಕು, ಅಲ್ವಾ? ಬಹಳ ಜನ ಹೀಗೆ ಅಂದುಕೊಂಡೇ ಪಕ್ಕದ ಮನೆ ಬಾಗಿಲು ತಟ್ಟುತ್ತಾರೆ. ಜಗಳ ಶುರುವಾಗುವುದೂ ಅಲ್ಲೇ. ಹೆಚ್ಚಿನ ದೇಶಗಳ ಕಾನೂನು ಈ ಲೆಕ್ಕ ಒಪ್ಪುವುದಿಲ್ಲ. ಮರ ಯಾರದು ಅನ್ನುವುದು ಮೊದಲ ಪ್ರಶ್ನೆ ಅಷ್ಟೇ. ಕೇಸು ನಿಲ್ಲುವುದೋ ಬೀಳುವುದೋ ತೀರ್ಮಾನವಾಗುವುದು ಎರಡನೇ ಪ್ರಶ್ನೆಯಲ್ಲಿ: ಈ ಮರ ಅಪಾಯದಲ್ಲಿದೆ ಅಂತ ಮಾಲೀಕರಿಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಅಂದರೆ, ಸರಿಯಾಗಿ ನೋಡಿದ್ದರೆ ಗೊತ್ತಾಗುತ್ತಿತ್ತಾ?

ಹಾಗಾಗಿ ಈ ವಿಷಯದಲ್ಲಿ ಅರ್ಧ ಕೆಲಸ ಮರ ಬೀಳುವ ಮೊದಲೇ ಆಗಬೇಕು. ಇನ್ನರ್ಧ ಬಿದ್ದ ದಿನ, ಗರಗಸ ಹಾಕುವ ಮೊದಲು ಆಗಬೇಕು. ದುಡ್ಡಿನ ಮಟ್ಟಿಗೆ ಹೇಳುವುದಾದರೆ, ಮೊದಲು ಕೈ ಸೇರುವುದು ಸಾಮಾನ್ಯವಾಗಿ ನಿಮ್ಮದೇ ಮನೆ ವಿಮೆಯ ಹಣ, ನೆರೆಯವರದ್ದಲ್ಲ. ಒಂದೊಂದು ದೇಶದಲ್ಲಿ ಒಂದೊಂದು ನಿಯಮ ಇರುವುದರಿಂದ ದೊಡ್ಡ ನಷ್ಟವಾಗಿದ್ದರೆ ಸ್ಥಳೀಯ ವಕೀಲರನ್ನು ಕೇಳಲೇಬೇಕು. ಆದರೆ ಅವರ ಹತ್ತಿರ ಹೋಗುವಾಗ ಕೈಯಲ್ಲಿ ಏನಿರಬೇಕು ಅನ್ನುವುದನ್ನು ಇಲ್ಲಿ ಹೇಳಬಹುದು.

ಹಂತ 1: ಮರ ಯಾರದು ಅಂತ ಖಚಿತ ಮಾಡಿಕೊಳ್ಳಿ

ಬುಡ ಎಲ್ಲಿ ನೆಲದಿಂದ ಮೇಲೆ ಬಂದಿದೆಯೋ ಆ ಜಾಗದವರದ್ದು ಮರ. ಕೊಂಬೆ ನಿಮ್ಮ ಅಂಗಳದ ಅರ್ಧ ಆವರಿಸಿದ್ದರೂ, ಬೇರು ನಿಮ್ಮ ಬಾವಿ ಕಟ್ಟೆ ತಲುಪಿದ್ದರೂ ಅದು ನಿಮ್ಮದಾಗುವುದಿಲ್ಲ. ಬುಡ ಗಡಿಯ ಮೇಲೇ ಇದ್ದರೆ ಮಾತ್ರ ಇಬ್ಬರಿಗೂ ಪಾಲು. ಜರ್ಮನಿಯ ನಾಗರಿಕ ಸಂಹಿತೆಯ 923ನೇ ಕಲಮು ಇದನ್ನು ನೇರವಾಗಿಯೇ ಹೇಳುತ್ತದೆ: ಗಡಿ ಮರದ ಹಣ್ಣೂ ಸಮಪಾಲು, ಕಡಿದರೆ ಮರವೂ ಸಮಪಾಲು. ಅಂಥ ಮರವನ್ನು ಒಬ್ಬರೇ ತೀರ್ಮಾನ ಮಾಡಿ ಕಡಿಯುವ ಹಾಗಿಲ್ಲ. ಅದು ಬಿದ್ದರೆ ಹೊಣೆಯಲ್ಲೂ ಇಬ್ಬರಿಗೆ ಪಾಲಿರಬಹುದು.

ಕಾಂಪೌಂಡ್ ಗೋಡೆಯನ್ನೇ ಗಡಿ ಅಂತ ನಂಬಬೇಡಿ. ಗೋಡೆಯನ್ನು ಗಡಿಯಿಂದ ಒಂದಡಿ ಒಳಗೆ ಕಟ್ಟಿಸಿದವರು ಬೇಕಾದಷ್ಟು ಜನ ಇದ್ದಾರೆ. ಅನುಮಾನ ಇದ್ದರೆ ಸರ್ವೆ ನಕ್ಷೆ ತೆಗೆಸಿ.

ಮರ ರಸ್ತೆ ಬದಿಯಲ್ಲೋ ಪಾರ್ಕಿನಲ್ಲೋ ಇದ್ದರೆ ಎದುರು ಪಕ್ಷ ಸ್ಥಳೀಯ ಆಡಳಿತ. ‘ಸರ್ಕಾರಿ ಮರ, ಯಾರನ್ನು ಕೇಳೋದು’ ಅಂತ ಸುಮ್ಮನಾಗಬೇಕಿಲ್ಲ. ದೆಹಲಿಯಲ್ಲಿ ರಸ್ತೆ ಬದಿಯ ಮರದ ಕೊಂಬೆ ಮುರಿದು ಸ್ಕೂಟರ್ ಸವಾರರೊಬ್ಬರ ಮೇಲೆ ಬಿದ್ದು ಅವರು ತೀರಿಕೊಂಡ ಪ್ರಕರಣದಲ್ಲಿ ಪಾಲಿಕೆಯೇ ಹೊಣೆ ಅಂತ ಭಾರತದ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. ರಸ್ತೆ ಬದಿಯ ಮರಗಳನ್ನು ಆಗಾಗ ನೋಡಿಕೊಳ್ಳುವುದು ಪಾಲಿಕೆಯ ಕೆಲಸ ಅನ್ನುವುದೇ ಅಲ್ಲಿನ ತಿರುಳು.

ನೆರೆಮನೆಯಲ್ಲಿ ಬಾಡಿಗೆಯವರಿದ್ದರೆ ಅವರ ಜೊತೆ ಮಾತಾಡಿ, ಆದರೆ ಕಾಗದ ಮಾಲೀಕರ ಹೆಸರಿಗೇ ಹೋಗಲಿ.

ಹಂತ 2: ಕೋರ್ಟು ಹೇಗೆ ಯೋಚಿಸುತ್ತದೆ ಅಂತ ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದಿನ ಎಲ್ಲ ಹಂತಗಳೂ ಇದರ ಮೇಲೇ ನಿಂತಿವೆ.

1926ರ ಒಂದು ಇಂಗ್ಲಿಷ್ ಕೇಸು. ರಸ್ತೆ ಮೇಲೆ ಚಾಚಿಕೊಂಡಿದ್ದ, ಬೀಚ್ ಅನ್ನುವ ಜಾತಿಯ ಮರದ ಕೊಂಬೆ, ಗಾಳಿ ಮಳೆ ಏನೂ ಇಲ್ಲದ ದಿನ ದಿಢೀರನೆ ಮುರಿದು ಪ್ರಯಾಣಿಕರ ಬಸ್ಸಿನ ಮೇಲೆ ಬಿತ್ತು. ಕೊಂಬೆಯೊಳಗೆ ಬಿರುಕಿತ್ತು ನಿಜ. ಆದರೆ ಹೊರಗಿನಿಂದ ಎಷ್ಟು ನೋಡಿದರೂ ಅದು ಕಾಣುವ ಹಾಗಿರಲಿಲ್ಲ. ಹಾಗಾಗಿ ಮಾಲೀಕರ ಮೇಲೆ ಹೊಣೆ ಬರಲಿಲ್ಲ. 1965ರಲ್ಲಿ ಇನ್ನೊಂದು ಬೀಚ್ ಮರದ ವಿಷಯ ಬಂತು. ಅದು ಹಳೆಯ ಮರ, ಎಲೆ ತೆಳ್ಳಗಾಗಿ ಸೊರಗಿದ್ದು ಎದ್ದು ಕಾಣುತ್ತಿತ್ತು. ಈ ಸಲ ಮಾಲೀಕರು ಸೋತರು. ಎರಡೂ ಬೀಚ್ ಮರ, ಎರಡೂ ರಸ್ತೆ ಬದಿಯವು. ವ್ಯತ್ಯಾಸ ಇದ್ದದ್ದು ಕಣ್ಣಿಗೆ ಕಾಣುತ್ತಿತ್ತೋ ಇಲ್ಲವೋ ಅನ್ನುವುದರಲ್ಲಿ ಮಾತ್ರ.

ಇಂಗ್ಲೆಂಡಿನ ವಿಟ್ಲಿ ಅನ್ನುವಲ್ಲಿ 2012ರಲ್ಲಿ ದೊಡ್ಡ ಲೈಮ್ ಮರವೊಂದು (ನಿಂಬೆಯಲ್ಲ, ಲಿಂಡೆನ್ ಅಂತಲೂ ಕರೆಯುವ ಮರ) ಬಸ್ಸಿನ ಮೇಲೆ ಬಿದ್ದು ಚಾಲಕರಿಗೆ ತೀವ್ರ ಗಾಯವಾಯಿತು. ಅಲ್ಲಿನ ಪ್ಯಾರಿಷ್ ಕೌನ್ಸಿಲ್ (ಊರಿನ ಮಟ್ಟದ ಸ್ಥಳೀಯ ಆಡಳಿತ) ಮೂರು ವರ್ಷಕ್ಕೊಮ್ಮೆ ತಜ್ಞರಿಂದ ಮರ ತಪಾಸಣೆ ಮಾಡಿಸುತ್ತಿತ್ತು. ಅದು ಸಾಲದು, ಓಡಾಟ ಜಾಸ್ತಿ ಇರುವ ರಸ್ತೆ ಪಕ್ಕದ ದೊಡ್ಡ ಮರವನ್ನು ಎರಡು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕಿತ್ತು ಅಂತ ತೀರ್ಪಾಯಿತು. 2018ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಂದರೆ ಮರ ಎಲ್ಲಿದೆ, ಕೆಳಗೆ ಯಾರು ಓಡಾಡುತ್ತಾರೆ ಅನ್ನುವುದರ ಮೇಲೆ ಕಾಳಜಿಯ ಮಟ್ಟ ಏರುತ್ತದೆ. ತೋಟದ ನಡುವಿನ ಒಂಟಿ ಮರಕ್ಕೂ ಮಕ್ಕಳು ಮಲಗುವ ಕೋಣೆಯ ಮೇಲೆ ಬಾಗಿದ ಮರಕ್ಕೂ ಒಂದೇ ಅಳತೆ ಇಲ್ಲ.

‘ದೇವರ ಆಟ, ನಾವೇನು ಮಾಡೋಣ’ ಅನ್ನುವ ಮಾತಿಗೂ ಮಿತಿ ಇದೆ. 1961ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನೂರಡಿಯ ನೀಲಗಿರಿ ಜಾತಿಯ ಮರವೊಂದಕ್ಕೆ ಸಿಡಿಲು ಹೊಡೆದು ಬೆಂಕಿ ಹತ್ತಿತು. ಮಾಲೀಕರು ಮರ ಉರುಳಿಸಿದರು, ಆದರೆ ನೀರು ಹಾಕಿ ನಂದಿಸದೆ ಉರಿದು ಹೋಗಲಿ ಅಂತ ಬಿಟ್ಟರು. ಗಾಳಿ ಎದ್ದಾಗ ಬೆಂಕಿ ಪಕ್ಕದ ಜಮೀನಿಗೆ ಹಬ್ಬಿತು. ಸಿಡಿಲಿಗೆ ಯಾರೂ ಹೊಣೆಯಲ್ಲ, ಆಮೇಲೆ ಸುಮ್ನೆ ಬಿಟ್ಟಿದ್ದಕ್ಕೆ ಹೊಣೆ ಅಂತ ಆಗ ಆಸ್ಟ್ರೇಲಿಯಾದ ಮೇಲ್ಮನವಿಗಳನ್ನೂ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು.

ಇದನ್ನೆಲ್ಲ ಕೂಡಿಸಿದರೆ ಒಂದು ನಿಯಮ ಸಿಗುತ್ತದೆ. ಗಟ್ಟಿಮುಟ್ಟಾದ ಮರ ಬಿರುಗಾಳಿಗೆ ಬಿದ್ದರೆ ಸಾಮಾನ್ಯವಾಗಿ ಯಾರ ತಪ್ಪೂ ಇಲ್ಲ, ಅವರವರ ನಷ್ಟ ಅವರವರ ವಿಮೆಗೆ. ಒಣಗಿದ್ದು, ಲಡ್ಡಾಗಿದ್ದು, ವಾಲಿದ್ದು ಗೊತ್ತಿದ್ದೂ ಬಿಟ್ಟ ಮರ ಬಿದ್ದರೆ ಮಾಲೀಕರ ಹೊಣೆ.

ಹಂತ 3: ಮರವನ್ನು ಒಮ್ಮೆ ಸರಿಯಾಗಿ ನೋಡಿ

ನಿಮ್ಮ ಜಾಗದಲ್ಲೇ ನಿಂತು ನೋಡಿ, ಬೇಲಿ ಹಾರಬೇಡಿ. ಮೊದಲು ಬುಡ. ಬುಡದ ಸುತ್ತ ಅಥವಾ ಕಾಂಡದ ಮೇಲೆ ತಟ್ಟೆಯ ಹಾಗೆ ಗಟ್ಟಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತ ಶುರುವಾಗಿರುವ ಸಾಧ್ಯತೆ ದೊಡ್ಡದು. ವಾಲಿದ ದಿಕ್ಕಿನ ಎದುರುಗಡೆ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ ಬೇರು ಈಗಾಗಲೇ ಸಡಿಲವಾಗುತ್ತಿದೆ ಅಂತ ಅರ್ಥ. ಹುಟ್ಟಿನಿಂದಲೇ ಬಾಗಿ ಬೆಳೆದ ಮರಕ್ಕೆ ಅಷ್ಟು ಹೆದರಬೇಕಿಲ್ಲ, ಅದರ ತುದಿ ಮತ್ತೆ ನೆಟ್ಟಗೆ ಮೇಲಕ್ಕೆ ತಿರುಗಿರುತ್ತದೆ. ಹೋದ ವರ್ಷ ನೆಟ್ಟಗಿದ್ದು ಈಗ ವಾಲಿದ್ದರೆ ಅದು ಬೇರೆ ಕತೆ.

ಆಮೇಲೆ ಕವಲು. ಎರಡು ದಪ್ಪ ಕಾಂಡ ಬಹಳ ಕಿರಿದಾಗಿ ಅಂಟಿಕೊಂಡು ಬೆಳೆದಿದ್ದು ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಆ ಸಂದು ದುರ್ಬಲ. ಗಾಳಿಗೆ ಸೀಳುವುದು ಅಲ್ಲೇ. ಒಣ ಕೊಂಬೆ, ಪೊಟರೆ, ಗೆದ್ದಲಿನ ದಾರಿ, ಒಂದು ಬದಿಯಲ್ಲಿ ಮಾತ್ರ ಎಲೆ ಉದುರಿದ್ದು, ಇವನ್ನೂ ಬರೆದಿಟ್ಟುಕೊಳ್ಳಿ.

ಜನ ಮರೆಯುವ ಇನ್ನೊಂದು ಸಂಗತಿ ಅಂದರೆ ಅಗೆತ. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಹರಡಿರುತ್ತವೆ, ಕೊಂಬೆಗಳ ನೆರಳಿನಾಚೆಗೂ ಹೋಗಿರುತ್ತವೆ. ಪೈಪಿಗೋ ಪಾಯಕ್ಕೋ ಮರದ ಪಕ್ಕ ಕಾಲುವೆ ತೋಡಿದ್ದರೆ ಒಂದು ಬದಿಯ ಬೇರೆಲ್ಲ ತುಂಡಾಗಿರಬಹುದು. ಮೇಲೆ ಹಸಿರಾಗೇ ಕಾಣುವ ಮರ ಒಂದೆರಡು ಮಳೆಗಾಲ ಕಳೆದು ಬೀಳುವುದು ಹೀಗೆ. ಯಾರು ಅಗೆಸಿದರು, ಯಾವಾಗ ಅಗೆಸಿದರು ಅನ್ನುವುದಕ್ಕೆ ಫೋಟೊ ಇದ್ದರೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಅಗೆಸಿದವರು ನೀವೇ ಆಗಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ, ಅದೂ ನೆನಪಿರಲಿ.

ಹಂತ 4: ಮೊದಲು ಮಾತು, ಆಮೇಲೆ ಕಾಗದ

ಮಾತಿನಲ್ಲೇ ಮುಗಿದರೆ ಅದಕ್ಕಿಂತ ಒಳ್ಳೆಯದಿಲ್ಲ. ನೆರೆಯವರಿಗೆ ಆ ಮರದ ಹಿಂಬದಿ ಕಾಣುವುದೇ ಇಲ್ಲದಿರಬಹುದು, ಅದು ನಿಮ್ಮ ಕಡೆಗಿದೆ. ಕರೆದು ತೋರಿಸಿ. ಕತ್ತರಿಸುವ ಖರ್ಚಿನಲ್ಲಿ ಸ್ವಲ್ಪ ನಾವೂ ಹಾಕುತ್ತೇವೆ ಅಂದರೆ ಕೆಲಸ ಎಷ್ಟೋ ಬೇಗ ಆಗುತ್ತದೆ. ಚಾವಣಿ ರಿಪೇರಿಗಿಂತ ಅದು ಅಗ್ಗವೇ.

ಮಾತಾಡಿದ ಮೇಲೂ ಒಂದು ಕಾಗದ ಕೊಡಿ. ಕೋರ್ಟಿನಲ್ಲಿ ‘ನನಗೆ ಗೊತ್ತಿರಲಿಲ್ಲ’ ಅನ್ನುವ ಮಾತಿಗೆ ಇದೊಂದೇ ನೇರ ಉತ್ತರ. ಬೈಗುಳ ಬೇಡ, ಬೆದರಿಕೆ ಬೇಡ. ಹೀಗಿದ್ದರೆ ಸಾಕು:

“ಮಾನ್ಯರೇ, ನಿಮ್ಮ ಜಾಗದ ಪೂರ್ವ ಗಡಿಯಲ್ಲಿರುವ ದೊಡ್ಡ ಮರದ ಬುಡದಲ್ಲಿ ಅಣಬೆ ಎದ್ದಿದೆ. ನಮ್ಮ ಅಡುಗೆಮನೆ ಕಡೆಗೆ ಚಾಚಿರುವ ಎರಡು ಕೊಂಬೆಗಳು ಪೂರ್ತಿ ಒಣಗಿವೆ. ಇಂದು ತೆಗೆದ ನಾಲ್ಕು ಫೋಟೊಗಳನ್ನು ಲಗತ್ತಿಸಿದ್ದೇನೆ. ಮರ ಅಥವಾ ಕೊಂಬೆ ಬಿದ್ದರೆ ನಮ್ಮ ಮನೆಗೂ ಜನರಿಗೂ ಅಪಾಯವಿದೆ. ದಯವಿಟ್ಟು ತಿಳಿದವರಿಂದ ಮರವನ್ನು ಪರೀಕ್ಷೆ ಮಾಡಿಸಿ, ಬೇಕಾದ ಕ್ರಮ ತೆಗೆದುಕೊಳ್ಳಿ. ನಮ್ಮ ಕಡೆಯಿಂದ ಕೆಲಸಗಾರರಿಗೆ ಒಳಗೆ ಬರಲು ಅಡ್ಡಿಯಿಲ್ಲ. ಮೂರು ವಾರದೊಳಗೆ ಉತ್ತರ ತಿಳಿಸಿದರೆ ಉಪಕಾರ.”

ಗಮನಿಸಿ, ಇದರಲ್ಲಿ ‘ಮರ ಕಡಿಯಿರಿ’ ಅಂತ ಎಲ್ಲೂ ಇಲ್ಲ. ಕಾಣುವ ದೋಷ ಏನು, ಎಲ್ಲಿ, ಯಾರಿಗೆ ಅಪಾಯ ಅಂತ ಮಾತ್ರ ಇದೆ. ‘ನಿಮ್ಮ ಮರದಿಂದ ನಮಗೆ ತೊಂದರೆ’ ಅಂತ ಬರೆದ ಕಾಗದಕ್ಕೆ ಬಲ ಇಲ್ಲ. ಎಲೆ ಉದುರುವುದೂ ತೊಂದರೆಯೇ, ಅದರಿಂದ ಮರ ಅಪಾಯಕಾರಿ ಅಂತ ತಿಳಿಸಿದ ಹಾಗಾಗುವುದಿಲ್ಲ.

ತಲುಪಿದ್ದಕ್ಕೆ ರಸೀದಿ ಸಿಗುವ ಹಾಗೆ ಅಂಚೆಯಲ್ಲಿ ಕಳಿಸಿ. ಇಮೇಲ್, ವಾಟ್ಸಾಪ್ ಆದರೂ ಪರವಾಗಿಲ್ಲ, ಅಳಿಸಬೇಡಿ ಅಷ್ಟೇ. ಮರ ಪಾಲಿಕೆಯದ್ದಾದರೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಕಾಗದಕ್ಕೆ ಉತ್ತರವೇ ಬರಲಿಲ್ಲ ಅನ್ನಿ. ಅಪಾಯ ಹತ್ತಿರದಲ್ಲಿದೆ ಅಂತ ಕಂಡರೆ ಆಡಳಿತದ ದಾರಿ ಇರುತ್ತದೆ. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಪ್ರಕಾರ, ಬಿದ್ದು ಜನರಿಗೆ ಗಾಯ ಮಾಡುವ ಸ್ಥಿತಿಯಲ್ಲಿರುವ ಮರವನ್ನು ತೆಗೆಸಲು ಅಥವಾ ಆಸರೆ ಕೊಡಿಸಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಹಿಂದೆ ಇದೇ ಅಧಿಕಾರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಾದ ಸಿಆರ್‌ಪಿಸಿಯ 133ರಲ್ಲಿತ್ತು. ಬೇರೆ ದೇಶಗಳಲ್ಲೂ ಸ್ಥಳೀಯ ಆಡಳಿತಕ್ಕೆ ಇಂಥ ಅಧಿಕಾರ ಇರುವುದುಂಟು.

ಹಂತ 5: ನೀವೇ ಕತ್ತರಿಸುವ ಮೊದಲು

ನಿಮ್ಮ ಕಡೆ ಬಂದ ಕೊಂಬೆಯನ್ನು ಗಡಿಯವರೆಗೆ ಕತ್ತರಿಸುವ ಹಕ್ಕು ಬಹಳ ಕಡೆ ಇದೆ. ಆದರೆ ಷರತ್ತುಗಳು ಬೇರೆ ಬೇರೆ. ಇಂಗ್ಲೆಂಡಿನಲ್ಲಿ 1894ರಲ್ಲೇ, ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್, ನೆರೆಯವರ ಜಾಗಕ್ಕೆ ಕಾಲಿಡದೆ ಕತ್ತರಿಸುವುದಾದರೆ ಮುಂಚೆ ತಿಳಿಸಬೇಕಾಗಿಲ್ಲ ಅಂದಿತು. ಜರ್ಮನಿಯಲ್ಲಿ ಮೊದಲು ಸೂಕ್ತ ಗಡುವು ಕೊಡಬೇಕು. ಫ್ರಾನ್ಸಿನಲ್ಲಿ ಬೇರನ್ನು ನೀವೇ ಗಡಿಗೆ ಸರಿಯಾಗಿ ಕತ್ತರಿಸಬಹುದು, ಕೊಂಬೆಯನ್ನಾದರೆ ನೆರೆಯವರಿಂದಲೇ ಕಡಿಸಬೇಕು. ಜಪಾನಿನಲ್ಲೂ ಹಾಗೇ ಇತ್ತು. 2023ರ ಏಪ್ರಿಲ್‌ನಿಂದ ನಿಯಮ ಸಡಿಲವಾಗಿದೆ. ಕೇಳಿದರೂ ಕತ್ತರಿಸದಿದ್ದರೆ, ಮಾಲೀಕರು ಯಾರೆಂದೇ ತಿಳಿಯದಿದ್ದರೆ ಅಥವಾ ತುರ್ತಿದ್ದರೆ ಈಗ ಕೊಂಬೆಯನ್ನೂ ನೀವೇ ತೆಗೆಯಬಹುದು. ಖಾಲಿ ಬಿದ್ದ ಮನೆಗಳು ಜಾಸ್ತಿಯಾದ ದೇಶದಲ್ಲಿ ಈ ಬದಲಾವಣೆ ಬೇಕೇ ಬೇಕಿತ್ತು.

ಅಮೆರಿಕದಲ್ಲಿ ರಾಜ್ಯಕ್ಕೊಂದು ಮಾತು. ಮ್ಯಾಸಚೂಸೆಟ್ಸ್‌ನಲ್ಲಿ 1931ರಿಂದ ಇರುವ ನಿಯಮ ಕಠಿಣ: ಮರ ಆರೋಗ್ಯವಾಗಿದ್ದರೆ ನಿಮ್ಮ ಕಡೆ ಬಂದದ್ದನ್ನು ನೀವೇ ಕತ್ತರಿಸಿಕೊಳ್ಳಿ, ನೆರೆಯವರಿಂದ ಪರಿಹಾರ ಕೇಳಬೇಡಿ. 2018ರಲ್ಲಿ, ಮರದ ನೆರಳಿನಿಂದ ಚಾವಣಿ ಪಾಚಿ ಕಟ್ಟಿತು ಅಂತ ಬಂದ ದೂರಿನಲ್ಲೂ ಅಲ್ಲಿನ ಉನ್ನತ ಕೋರ್ಟು ಅದನ್ನೇ ಉಳಿಸಿಕೊಂಡಿತು. ಹವಾಯಿಯಲ್ಲಿ 1981ರಲ್ಲಿ ಆಲದ ಜಾತಿಯ ತೊಂಬತ್ತಡಿ ಮರದ ವಿಷಯ ಬಂದಾಗ ಬೇರೆಯೇ ತೀರ್ಪಾಯಿತು. ಮರ ನಿಜವಾದ ಹಾನಿ ಮಾಡಿದ್ದರೆ, ಅಥವಾ ಹಾನಿ ಹತ್ತಿರದಲ್ಲೇ ಇದ್ದರೆ, ಮಾಲೀಕರು ಖರ್ಚು ಕೊಡಬೇಕು. ನನಗೆ ಕೇಳಿದರೆ ಹವಾಯಿ ದಾರಿಯೇ ನ್ಯಾಯ ಅನಿಸುತ್ತದೆ. ನಿಮ್ಮಲ್ಲಿ ಯಾವುದು ನಡೆಯುತ್ತದೆ ಅಂತ ಮಾತ್ರ ಕೇಳಿಯೇ ಹೆಜ್ಜೆ ಇಡಿ.

ಎಲ್ಲಿದ್ದರೂ ಮೂರು ಎಚ್ಚರಿಕೆ ಬೇಕು. ಮರ ಸಾಯುವಷ್ಟು, ಇಲ್ಲವೇ ತೂಕ ತಪ್ಪಿ ವಾಲುವಷ್ಟು ಕತ್ತರಿಸಿದರೆ ಹೊಣೆ ನಿಮ್ಮ ಕಡೆ ತಿರುಗುತ್ತದೆ. ಕಾನೂನಿನ ರಕ್ಷಣೆ ಇರುವ ಮರವಾದರೆ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಮರ ರಕ್ಷಣಾ ಆದೇಶಗಳಿವೆ, ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ. ಇನ್ನು ಹಣ್ಣಿನಾಸೆ. ಇಂಗ್ಲಿಷ್ ಕಾನೂನಿನಲ್ಲಿ ಕತ್ತರಿಸಿದ ಕೊಂಬೆಯೂ ಅದರ ಹಣ್ಣೂ ಮರದ ಮಾಲೀಕರದ್ದೇ. ಜರ್ಮನಿ, ಫ್ರಾನ್ಸಿನಲ್ಲಾದರೆ ತಾನಾಗಿ ಉದುರಿ ನಿಮ್ಮ ಅಂಗಳಕ್ಕೆ ಬಿದ್ದ ಹಣ್ಣು ನಿಮ್ಮದು. ಅಲ್ಲಾಡಿಸಿ ಉದುರಿಸಿದರೆ ಲೆಕ್ಕಕ್ಕಿಲ್ಲ!

ಹಂತ 6: ಪಾಲಿಸಿಯನ್ನು ಇವತ್ತೇ ತೆಗೆದು ಓದಿ

ಮರ ಬಿದ್ದ ರಾತ್ರಿ ಓದುವುದರಿಂದ ಏನೂ ಪ್ರಯೋಜನವಿಲ್ಲ. ಮನೆ ವಿಮೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ.

ಬಿರುಗಾಳಿ, ಬೀಳುವ ಮರ ಎರಡೂ ಒಳಗೊಂಡಿವೆಯಾ? ಭಾರತದಲ್ಲಿ 2021ರ ಏಪ್ರಿಲ್ 1ರಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಮಾದರಿ ಪಾಲಿಸಿಯಲ್ಲಿ, ಹೊರಗಿನ ವಸ್ತು ಅಪ್ಪಳಿಸಿ ಆಗುವ ಹಾನಿಯ ಉದಾಹರಣೆಯಲ್ಲಿ ಬೀಳುವ ಮರದ ಹೆಸರನ್ನೇ ಹೇಳಿದೆ. ಎಲ್ಲ ಪಾಲಿಸಿಯೂ ಇಷ್ಟು ಸ್ಪಷ್ಟವಾಗಿರುವುದಿಲ್ಲ.

ಕಟ್ಟಡಕ್ಕೆ ಮಾತ್ರವಾ, ಒಳಗಿನ ಸಾಮಾನಿಗೂ ಇದೆಯಾ? ಚಾವಣಿ ಒಡೆದು ಮಳೆ ನೀರು ಸುರಿದರೆ ಟಿವಿ, ಬೀರು, ಹಾಸಿಗೆಯ ನಷ್ಟ ಕಟ್ಟಡದ ವಿಮೆಯಲ್ಲಿ ಬರುವುದಿಲ್ಲ. ಕಾಂಪೌಂಡ್, ಗೇಟು, ಶೆಡ್ಡು, ಸೋಲಾರ್ ಪ್ಯಾನೆಲ್ ಸೇರಿವೆಯಾ ಅಂತ ಬೇರೆಯಾಗಿಯೇ ನೋಡಿ. ಬೇಲಿ ಮತ್ತು ಗೇಟನ್ನು ಹೊರಗಿಡುವ ಪಾಲಿಸಿಗಳು ಬಹಳ.

ಬಿದ್ದ ಮರ ತೆಗೆಸುವ ಖರ್ಚು ಕೊಡುತ್ತಾರಾ, ಎಷ್ಟರವರೆಗೆ? ಮನೆ ಮೇಲೆ ಬಿದ್ದರೆ ಕೊಡುವ ಕಂಪನಿ, ಖಾಲಿ ಅಂಗಳಕ್ಕೆ ಬಿದ್ದರೆ ಕೊಡದಿರಬಹುದು. ಏನೂ ಹಾಳಾಗಿಲ್ಲ ಅಂದಮೇಲೆ ಕ್ಲೇಮೇ ಇಲ್ಲ ಅನ್ನುವುದು ಅವರ ತರ್ಕ. ದೊಡ್ಡ ಮರ ತುಂಡು ಮಾಡಿಸಿ ಸಾಗಿಸುವ ಖರ್ಚು ಮಾತ್ರ ಉಳಿದೇ ಇರುತ್ತದೆ.

ಪ್ರತಿ ಕ್ಲೇಮಿನಲ್ಲಿ ನಿಮ್ಮ ಕೈಯಿಂದ ಹೋಗುವ ಮೊದಲ ಪಾಲು ಎಷ್ಟು? ವಿಮೆ ಮೊತ್ತ ಸಾಕಷ್ಟಿದೆಯಾ? ಈ ಎರಡನೆಯದರಲ್ಲೇ ಜನ ಜಾಸ್ತಿ ಏಟು ತಿನ್ನುವುದು. ಮತ್ತೆ ಕಟ್ಟಲು 40 ಲಕ್ಷ ಬೇಕಾಗುವ ಮನೆಗೆ 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ ಅನ್ನಿ. ಚಾವಣಿ ನಷ್ಟ 4 ಲಕ್ಷ. 20ರ ಒಳಗೇ ಇದೆಯಲ್ಲ, ಪೂರ್ತಿ ಬರುತ್ತದೆ ಅಂದುಕೊಂಡರೆ ಕೈಗೆ ಬರುವುದು 2 ಲಕ್ಷ. ಅರ್ಧ ಬೆಲೆಗೆ ವಿಮೆ, ಅರ್ಧ ನಷ್ಟಕ್ಕೆ ಪರಿಹಾರ. ಈ ಕಡಿತ ಮಾಡುವುದಿಲ್ಲ ಅನ್ನುವ ಪಾಲಿಸಿಗಳೂ ಇವೆ, ಕೇಳಿಕೊಳ್ಳಿ.

ಕಾರಿನ ಮಾತು ಬೇರೆ. ಮರ ಕಾರಿನ ಮೇಲೆ ಬಿದ್ದರೆ ಅದು ವಾಹನ ವಿಮೆಗೆ ಹೋಗುತ್ತದೆ, ಅದೂ ಸಮಗ್ರ ಪಾಲಿಸಿ ಇದ್ದರೆ ಮಾತ್ರ. ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಸಿಗುವುದಿಲ್ಲ.

ಹಂತ 7: ಬಿದ್ದ ದಿನ

ಮೊದಲು ಜನ, ಆಮೇಲೆ ಮನೆ. ಮರ ವಿದ್ಯುತ್ ತಂತಿಯನ್ನು ಎಳೆದುಕೊಂಡು ಬಿದ್ದಿದ್ದರೆ ಕನಿಷ್ಠ 10 ಮೀಟರ್ ದೂರ ಇರಿ, ಮರವನ್ನೂ ಮುಟ್ಟಬೇಡಿ. ಹಸಿ ಮರದಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಕಂಪನಿಗೆ ತಿಳಿಸಿ, ಲೈನ್ ಸತ್ತಿದೆ ಅಂತ ಅವರು ಹೇಳುವವರೆಗೆ ಕಾಯಿರಿ.

ಉತ್ಸಾಹಿಗಳು ಕತ್ತಿ ಹಿಡಿದು ಬರುತ್ತಾರೆ, ಅವರನ್ನು ತಡೆಯಿರಿ. ಬಾಗಿ ಒತ್ತಿ ಹಿಡಿದಿರುವ ಕೊಂಬೆಯನ್ನು ತಪ್ಪು ಕಡೆ ಕಡಿದರೆ ಅದು ಸಿಡಿದು ಹೊಡೆಯುತ್ತದೆ. ಇನ್ನೂ ದೊಡ್ಡ ಅಪಾಯ ಬೇರು ಸಮೇತ ಎದ್ದ ಬುಡದಲ್ಲಿದೆ. ಕಾಂಡ ತುಂಡಾದ ಕೂಡಲೇ ಆ ಬೇರಿನ ಗಡ್ಡೆ ಮಣ್ಣಿನೊಂದಿಗೆ ದಡಕ್ಕನೆ ಮತ್ತೆ ನೆಟ್ಟಗೆ ಕೂತುಬಿಡಬಹುದು. ಅದರ ಗುಂಡಿಯಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರ ಸುಳಿಯಬಾರದು.

ಈಗ ಫೋಟೊ. ಗರಗಸ ಬರುವ ಮೊದಲೇ ತೆಗೆಯಿರಿ. ಬುಡದಿಂದ ನಿಮ್ಮ ಚಾವಣಿಯವರೆಗೆ ಇಡೀ ಮರ ಒಂದೇ ಚಿತ್ರದಲ್ಲಿ ಬರಲಿ, ಗಡಿ ಗೋಡೆ ಕಾಣಿಸಲಿ. ಆಮೇಲೆ ಹತ್ತಿರ ಹೋಗಿ ಮುರಿದ ಜಾಗವನ್ನು ನೋಡಿ. ಗಟ್ಟಿ ಮರ ಮುರಿದರೆ ಉದ್ದುದ್ದ ಸೀಳು ಎದ್ದಿರುತ್ತದೆ, ಬಣ್ಣ ತಾಜಾ, ಹಸಿ ವಾಸನೆ. ಲಡ್ಡಾದ ಮರ ಹಾಗಲ್ಲ. ಮುರಿದ ಮುಖ ಮೊಂಡಾಗಿ, ಕಂದಾಗಿ, ಚೌಕ ಚೌಕ ತುಂಡಾಗಿ ಬಿರಿದಿರುತ್ತದೆ, ಬೆರಳಿನಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ. ಕೆಲವು ಕೊಳೆತದಲ್ಲಿ ಬಿಳುಚಿಕೊಂಡು ನಾರುನಾರಾಗಿ ಮೆತ್ತಗಾಗಿರುತ್ತದೆ. ಬೇರಿನ ತುದಿ ಹಳೆಯದಾಗಿ ಕಪ್ಪಗಿದೆಯೋ, ಈಗಷ್ಟೇ ಕಿತ್ತ ಹಾಗೆ ಬೆಳ್ಳಗಿದೆಯೋ ಅದನ್ನೂ ಹಿಡಿಯಿರಿ. ಅಳತೆಗೆ ಪಕ್ಕದಲ್ಲಿ ಒಂದು ಟೇಪು ಇಟ್ಟು ತೆಗೆಯಿರಿ.

ಸಾಧ್ಯವಾದರೆ ಮುರಿದ ಜಾಗದ ಒಂದು ಬಿಲ್ಲೆ ಕೊಯ್ಯಿಸಿ ನೆರಳಲ್ಲಿ ಇಡಿ. ಮರ ನೆರೆಯವರದ್ದು, ಹಾಗಾಗಿ ಹೇಳಿಯೇ ಇಟ್ಟುಕೊಳ್ಳಿ. ಸೌದೆಯವರ ಲಾರಿ ಬಂದು ಹೋದ ಮೇಲೆ ಈ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಗಾಳಿಯ ಲೆಕ್ಕವೂ ಬೇಕು. ಗಾಳಿಯ ಜೋರು ಅಳೆಯುವ ಬೋಫೋರ್ಟ್ ಮಾಪನದಲ್ಲಿ ಗಂಟೆಗೆ 62ರಿಂದ 74 ಕಿಲೋಮೀಟರ್ ಗಾಳಿಗೆ ಮರದ ಕಡ್ಡಿ, ಸಣ್ಣ ರೆಂಬೆ ಮುರಿಯುತ್ತವೆ. ಮರಗಳು ಬುಡಮೇಲಾಗುವುದು 89ರಿಂದ 102ರ ಹಂತದಲ್ಲಿ. ಆ ದಿನ ಹತ್ತಿರದ ಹವಾಮಾನ ಕೇಂದ್ರದಲ್ಲಿ ದಾಖಲಾದ ಗಾಳಿ 50 ಇದ್ದು, ಇಡೀ ಬೀದಿಯಲ್ಲಿ ಬಿದ್ದದ್ದು ಅದೊಂದೇ ಮರವಾದರೆ, ‘ಬಿರುಗಾಳಿಗೆ ಬಿತ್ತು’ ಅನ್ನುವ ವಾದ ಸೊರಗುತ್ತದೆ. ಸುತ್ತಲಿನ ಮರಗಳೆಲ್ಲ ನಿಂತಿರುವ ಒಂದು ಫೋಟೊ ತೆಗೆದಿಡಿ.

ಆಮೇಲೆ ತೂತಿಗೆ ಟಾರ್ಪಾಲು ಕಟ್ಟಿಸಿ. ನಷ್ಟ ಇನ್ನಷ್ಟು ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿಯ ಷರತ್ತೇ ಆಗಿರುತ್ತದೆ. ಪೂರ್ತಿ ರಿಪೇರಿಗೆ ಮಾತ್ರ ಕೈ ಹಾಕಬೇಡಿ. ಟಾರ್ಪಾಲು, ಕೂಲಿ, ಎಲ್ಲದರ ಬಿಲ್ಲು ಇಟ್ಟುಕೊಳ್ಳಿ.

ಹಂತ 8: ಕ್ಲೇಮ್ ಹಾಕಿ, ನೆರೆಯವರಿಗಾಗಿ ಕಾಯಬೇಡಿ

ತಪ್ಪು ನೆರೆಯವರದ್ದೇ ಅಂತ ನಿಮಗೆ ನೂರಕ್ಕೆ ನೂರು ಖಾತ್ರಿ ಇದ್ದರೂ ಮೊದಲು ನಿಮ್ಮ ವಿಮಾ ಕಂಪನಿಗೆ ತಿಳಿಸಿ. ನಿಮ್ಮ ಪಾಲಿಸಿಯಲ್ಲಿ ತಪ್ಪು ಯಾರದು ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಹಾನಿ ಒಳಗೊಂಡಿದೆಯಾ ಅನ್ನುವುದಷ್ಟೇ. ನೆರೆಯವರ ಹೊಣೆ ವಿಮೆಯಿಂದ (ತಮ್ಮಿಂದ ಬೇರೆಯವರಿಗಾದ ಹಾನಿಗೆ ಇರುವ ವಿಮೆ) ಪಡೆಯಬೇಕಾದರೆ ಅವರ ನಿರ್ಲಕ್ಷ್ಯ ಸಾಬೀತಾಗಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಮಳೆ ಅಲ್ಲಿವರೆಗೆ ಕಾಯುವುದಿಲ್ಲ. ತಡವಾಗಿ ತಿಳಿಸಿದರೆ ನಿಮ್ಮ ಕ್ಲೇಮಿಗೂ ಕುತ್ತು.

ನಷ್ಟ ಅಳೆಯಲು ವಿಮಾ ಕಂಪನಿಯ ಸರ್ವೇಯರ್ ಬಂದಾಗ ಜೊತೆಯಲ್ಲೇ ಇರಿ. ಇಲ್ಲದಿದ್ದರೆ ಚಾವಣಿ ಮಾತ್ರ ಬರೆದುಕೊಂಡು ಹೋಗುತ್ತಾರೆ, ಗೋಡೆಯ ಹೊಸ ಬಿರುಕು, ವೈರಿಂಗ್‌ಗೆ ಇಳಿದ ನೀರು ಬಿಟ್ಟುಹೋಗುತ್ತದೆ. ಎರಡು ಕಡೆಯಿಂದ ಎಸ್ಟಿಮೇಟ್ ತರಿಸಿಡಿ. ‘ಹಳೆಯದಾಗಿತ್ತು’ ಅಂತ ಸವಕಳಿ ಕಳೆದರೆ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ.

ಹಂತ 9: ನೆರೆಯವರಿಂದ ವಸೂಲಿ

ನಿಮಗೆ ಹಣ ಕೊಟ್ಟ ಮೇಲೆ ವಿಮಾ ಕಂಪನಿ ನಿಮ್ಮ ಜಾಗದಲ್ಲಿ ನಿಂತು ನೆರೆಯವರಿಂದಲೋ ಅವರ ವಿಮಾ ಕಂಪನಿಯಿಂದಲೋ ಅದನ್ನು ವಸೂಲಿ ಮಾಡಬಹುದು. ನಿಮ್ಮ ಹಳೆಯ ಕಾಗದ, ಫೋಟೊ, ಬಿಲ್ಲೆ ಕೆಲಸಕ್ಕೆ ಬರುವುದು ಇಲ್ಲಿ. ನಿಮ್ಮ ಕೈಯಿಂದ ಹೋದ ಮೊದಲ ಪಾಲನ್ನೂ ಸೇರಿಸಿ ಕೇಳಲು ಹೇಳಿ. ಕೇಳದಿದ್ದರೆ ಅವರಾಗಿ ಸೇರಿಸುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ.

ಒಂದು ಬಲೆ ಇದೆ. ನೆರೆಯವರು ಸ್ವಲ್ಪ ಹಣ ಕೊಟ್ಟು, ‘ಇನ್ನು ಯಾವ ಬಾಕಿಯೂ ಇಲ್ಲ’ ಅಂತ ಒಂದು ಚೀಟಿಗೆ ಸಹಿ ಕೇಳುತ್ತಾರೆ. ಸಂಬಂಧ ಕೆಡದಿರಲಿ ಅಂತ ಹಾಕಿಬಿಡುತ್ತೀರಿ. ಆ ಸಹಿಯಿಂದ ವಿಮಾ ಕಂಪನಿಯ ವಸೂಲಿ ಹಕ್ಕು ಮುಳುಗಿದರೆ ಅವರು ನಿಮ್ಮ ಕ್ಲೇಮನ್ನೇ ನಿರಾಕರಿಸಬಹುದು. ಏನೇ ಒಪ್ಪಂದವಿದ್ದರೂ ಮೊದಲು ಕಂಪನಿಗೆ ಹೇಳಿ.

ನಿಮಗೆ ವಿಮೆಯೇ ಇಲ್ಲದಿದ್ದರೆ ದಾರಿ ನೇರ ನೋಟಿಸು, ಆಮೇಲೆ ದಾವೆ. ದಾವೆಗೆ ಕಾಲಮಿತಿ ಇರುತ್ತದೆ, ಇಂಗ್ಲೆಂಡಿನಲ್ಲಿ ಆಸ್ತಿ ಹಾನಿಗೆ 6 ವರ್ಷ. ನಿಮ್ಮಲ್ಲಿ ಎಷ್ಟು ಅಂತ ಮೊದಲ ದಿನವೇ ಕೇಳಿ ತಿಳಿಯಿರಿ.

ಬೇರಿನಿಂದ ಆಗುವ ಹಾನಿ

ಇದು ಸದ್ದಿಲ್ಲದೆ ನಡೆಯುತ್ತದೆ, ಸಾಬೀತು ಮಾಡುವುದೂ ಕಷ್ಟ. ಜೇಡಿ ಮಣ್ಣಿನಲ್ಲಿ ಮರದ ಬೇರು ಬೇಸಿಗೆಯಲ್ಲಿ ನೀರು ಹೀರಿದಾಗ ಮಣ್ಣು ಕುಗ್ಗಿ ಪಾಯ ಕುಸಿಯುತ್ತದೆ, ಗೋಡೆ ಮೇಲೆ ಓರೆ ಬಿರುಕು ಮೂಡುತ್ತದೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾಗುವ ಬಿರುಕು ಮರದ ಕಡೆ ಬೆರಳು ತೋರಿಸುತ್ತದೆ. ಹಾಗಾಗಿ ಬಿರುಕಿಗೆ ಅಡ್ಡವಾಗಿ ಪೆನ್ಸಿಲ್ ಗುರುತು ಹಾಕಿ, ತಿಂಗಳಿಗೊಮ್ಮೆ ಅಳತೆ ಬರೆದಿಡಿ. ವಿಲ್ಲೋ ಮರದ ಬೇರು 40 ಮೀಟರ್, ಓಕ್ ಮರದ್ದು 30 ಮೀಟರ್ ದೂರದವರೆಗೂ ಮುಟ್ಟಿದ ದಾಖಲೆ ಬ್ರಿಟನ್ನಿನಲ್ಲಿದೆ. ಹಾಗಾಗಿ ‘ಮರ ದೂರ ಇದೆಯಲ್ಲ’ ಅನ್ನುವುದು ವಾದವಲ್ಲ.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್‌ನ ಮರವೊಂದರ ಬೇರಿನಿಂದ ಫ್ಲ್ಯಾಟ್ ಕಟ್ಟಡದ ಪಾಯ ಕುಸಿದಾಗ ರಿಪೇರಿಗೆ ಸುಮಾರು 5.7 ಲಕ್ಷ ಪೌಂಡ್ ಆಯಿತು. 2001ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಕೌನ್ಸಿಲ್ ಭರಿಸಬೇಕು ಅಂದಿತು. ಮಾಲೀಕರಿಗೆ ವಿಷಯ ತಿಳಿಸಿ, ಸರಿಪಡಿಸಲು ಅವಕಾಶ ಕೊಟ್ಟಿರಬೇಕು ಅನ್ನುವುದನ್ನೂ ಒತ್ತಿ ಹೇಳಿತು. ಇಲ್ಲೂ ಮತ್ತೆ ಅದೇ ಕಾಗದ.

ಬ್ರಿಟನ್ನಿನ ಮನೆ ಪಾಲಿಸಿಗಳಲ್ಲಿ ಪಾಯ ಕುಸಿತಕ್ಕೆ ರಕ್ಷಣೆ ಬಂದದ್ದೇ 1971ರಲ್ಲಿ. ಬೇರೆ ಕಡೆ ಎಷ್ಟೋ ಪಾಲಿಸಿಗಳು ನಿಧಾನವಾಗಿ ಆಗುವ ಹಾನಿಯನ್ನು ಹೊರಗಿಡುತ್ತವೆ. ಇನ್ನೊಂದು ಮಾತು: ಹೆದರಿ ದೊಡ್ಡ ಮರವನ್ನು ಒಮ್ಮೆಗೇ ಕಡಿಸಬೇಡಿ. ನೀರು ಹೀರುವ ಬೇರು ಸತ್ತ ಮೇಲೆ ಜೇಡಿ ಮಣ್ಣು ಉಬ್ಬಿ ಪಾಯವನ್ನು ಮೇಲಕ್ಕೆತ್ತಬಹುದು. ಮೊದಲು ಎಂಜಿನಿಯರ್ ನೋಡಲಿ.

ಮರ ನಿಮ್ಮದೇ ಆಗಿದ್ದರೆ

ಮೇಲಿನದ್ದನ್ನೆಲ್ಲ ತಿರುಗಿಸಿ ಓದಿಕೊಳ್ಳಿ. ವರ್ಷಕ್ಕೊಮ್ಮೆ ಮತ್ತು ಪ್ರತಿ ದೊಡ್ಡ ಗಾಳಿಯ ನಂತರ ಮರ ನೋಡಿ, ಫೋಟೊ ತೆಗೆದು ತಾರೀಕು ಬರೆಯಿರಿ. ದೊಡ್ಡ ಮರವಾದರೆ ತಿಳಿದವರಿಂದ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಆ ವರದಿ ಹೇಳಿದ್ದನ್ನು ಮಾಡಿಸದೆ ಬಿಟ್ಟರೆ ಅದೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಮನೆ ವಿಮೆಯಲ್ಲಿ ಮೂರನೆಯವರಿಗೆ ಆಗುವ ಹಾನಿಯ ಹೊಣೆ ಸೇರಿದೆಯಾ ಅಂತ ಕೇಳಿ.

ನೆರೆಯವರ ಕಾಗದ ಬಂದರೆ ಸಿಟ್ಟಾಗಿ ಮಡಚಿ ಎಸೆಯಬೇಡಿ. ತಲುಪಿದೆ ಅಂತ ಉತ್ತರ ಕೊಡಿ, ಮರ ನೋಡಿಸಿ. ಮರ ಬಿದ್ದೇ ಬಿಟ್ಟರೆ ಪಕ್ಕದವರ ಮನೆಗೆ ಹೋಗಿ ಕೈಲಾದ ಸಹಾಯ ಮಾಡಿ, ಅದರಿಂದ ಯಾವ ಹೊಣೆಯೂ ಅಂಟಿಕೊಳ್ಳುವುದಿಲ್ಲ. ‘ತಪ್ಪು ನಮ್ಮದೇ, ಎಲ್ಲ ಕೊಡ್ತೀವಿ’ ಅಂತ ಮಾತ್ರ ಆ ಗಡಿಬಿಡಿಯಲ್ಲಿ ಬರೆದುಕೊಡಬೇಡಿ. ಕಂಪನಿಯನ್ನು ಕೇಳದೆ ತಪ್ಪೊಪ್ಪಿಕೊಂಡರೆ ರಕ್ಷಣೆ ಇಲ್ಲ ಅನ್ನುವ ಷರತ್ತು ಹೊಣೆ ವಿಮೆಯಲ್ಲಿ ಸಾಮಾನ್ಯ. ನೆರೆಯವರಿಂದ ಬಂದ ಪ್ರತಿ ಕಾಗದದ ಒಂದು ಪ್ರತಿಯನ್ನು ಬಂದ ದಿನವೇ ನಿಮ್ಮ ವಿಮಾ ಕಂಪನಿಗೂ ಕಳಿಸಿ.